ಮಾವನ ಪಕ್ಕದ ಕುರ್ಚಿ

ನನ್ನ ಅಕ್ಕ ಟಿವಿಯಲ್ಲಿ ಬಂದದ್ದು ಒಂದೇ ಸಲ. ಆ ಸಲವೂ ಅವಳ ಮುಖ ಯಾರಿಗೂ ಸರಿಯಾಗಿ ಕಾಣಲಿಲ್ಲ. ಇಸ್ತ್ರಿ ಮಾಡಿದ ನೀಲಿ ಕಾಟನ್ ಸೀರೆ ಕಂಡಿತು, ಸೆರಗಿನ ತುದಿಯನ್ನು ಎದೆಯ ಹತ್ತಿರ ಬಿಗಿಯಾಗಿ ಹಿಡಿದ ಬಲಗೈ ಕಂಡಿತು, ಹಸಿರು ಬಳೆಗಳು ಕಂಡವು. ಕುತ್ತಿಗೆಗೆ ಬರುವ ಹೊತ್ತಿಗೆ ಪರದೆ ಮುಗಿದುಹೋಗಿತ್ತು. ಮಾನ್ವಿಯ ನಮ್ಮ ಮನೆಯಲ್ಲಿ ಕಣ್ಣು ಕೀಲಿಸಿ ಕುಳಿತಿದ್ದ ನಾವು ನಮ್ಮ ಟಿವಿಯೇ ಕೆಟ್ಟಿರಬೇಕು ಎಂದುಕೊಂಡೆವು. ಅಕ್ಕನ ಮಗಳು ಎದ್ದುಹೋಗಿ ಸೆಟ್‌ಟಾಪ್ ಬಾಕ್ಸಿಗೆ ಒಂದೇಟು ಕೊಟ್ಟೂ ನೋಡಿದಳು.

ಇದು ಹೇಗಾಯಿತೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮದು ಮಲ್ಲಟದ ಕಡೆಯ ಕೂಲಿ ಮನೆತನ. ಅಪ್ಪ ಅವ್ವ ಇಬ್ಬರೂ ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ನಾಟಿ ಹಚ್ಚಿ, ಕಳೆ ತೆಗೆದು ನಮ್ಮನ್ನು ಬೆಳೆಸಿದರು. ಇಬ್ಬರನ್ನೂ ಓದಿಸುವ ತಾಕತ್ತು ಇರಲಿಲ್ಲ. ಅಕ್ಕ ಏಳನೇತ್ತೆಗೆ ಶಾಲೆ ಬಿಟ್ಟು ಅವ್ವನ ಜೊತೆ ಗದ್ದೆಗಿಳಿದಳು, ನಾನು ಓದಿದೆ. ಇವತ್ತು ನಾನು ಮಾನ್ವಿಯಲ್ಲಿ ಹೈಸ್ಕೂಲ್ ಟೀಚರ್. ಅವ್ವ ನನ್ನ ಹತ್ತಿರವೇ ಇದ್ದಾಳೆ, ಡಿಗ್ರಿ ಓದುತ್ತಿರುವ ಅಕ್ಕನ ಮಗಳೂ ನನ್ನ ಹತ್ತಿರವೇ ಇದ್ದಾಳೆ. ಅಕ್ಕನನ್ನು ಕೊಟ್ಟದ್ದು ದೇವದುರ್ಗ ತಾಲೂಕಿನಲ್ಲಿ, ಜಾಲಹಳ್ಳಿಯಿಂದ ಒಳಗೆ ಹೋಗುವ ದಾರಿಯ ಒಂದು ಹಳ್ಳಿಗೆ.

ಅಲ್ಲಿ ಅವಳು ಒಂದು ಅವಧಿ ಗ್ರಾಮ ಪಂಚಾಯತಿ ಅಧ್ಯಕ್ಷೆಯಾದಳು. ಮಹಿಳಾ ಮೀಸಲು ಎಂದಾಗ ಎಲ್ಲ ಕಡೆ ಏನಾಗುತ್ತದೋ ಅದೇ ಆಗುತ್ತದೆ, ಗಂಡ ಕುರ್ಚಿಯ ಮೇಲೆ ಕೂಡುತ್ತಾನೆ, ಹೆಂಡತಿ ರೊಟ್ಟಿ ಬಡಿಯುತ್ತಾಳೆ ಎಂದು ಊರಿನವರು ತಿಳಿದಿದ್ದರು. ನಮ್ಮ ಭಾವ ಪುಣ್ಯಾತ್ಮ. ಅವನಿಗೆ ತನ್ನ ಟ್ರ್ಯಾಕ್ಟರ್ ಬಿಟ್ಟರೆ ಲೋಕದಲ್ಲಿ ಇನ್ನೊಂದು ಯಂತ್ರ ನಡೆಸುವ ಆಸೆಯೇ ಇರಲಿಲ್ಲ. ಅಕ್ಕ ತಾನೇ ಹೋದಳು, ತಾನೇ ಓದಿ ಸಹಿ ಮಾಡಿದಳು, ಕೊಳವೆಬಾವಿ ಬಗ್ಗೆ ಬಿಡಿಒ ಸಾಹೇಬರ ಎದುರು ತಾನೇ ಜಗಳಾಡಿದಳು. ಆದರೆ ಒಂದು ಕೆಲಸ ಅವಳ ಕೈಲಿ ಆಗಲಿಲ್ಲ. ಊರಿನಲ್ಲಿ ಹೈಸ್ಕೂಲು ಇಲ್ಲ. ಜಾಲಹಳ್ಳಿಗೆ ಹೋಗುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹುಡುಗಿಯರು ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋಗುತ್ತಾರೆ. ಅದಕ್ಕಾಗಿ ಅವಳು ಅರ್ಜಿ ಹಿಡಿದು ಎಷ್ಟು ಬಾಗಿಲು ತಟ್ಟಿದಳೋ. ಎಲ್ಲರದೂ ಒಂದೇ ಉತ್ತರ, ಇದು ನಿಮ್ಮ ಪಂಚಾಯತಿ ಮಟ್ಟದ ಕೆಲಸವಲ್ಲ, ಮೇಲಿನಿಂದ ಬರಬೇಕು.

"ಹಂಗಾರ ಮ್ಯಾಲ ಹೋಗ್ತೀನಿ ತಗಾ" ಎಂದಳು ಒಂದು ದಿನ. ಜಿಲ್ಲಾ ಪಂಚಾಯತಿಗೆ ಪಕ್ಷದ ಟಿಕೆಟ್ ಕೇಳಿದಳು. ಮಿಕ್ಕವರಿಗೆ ಅದು ಟಿಕೆಟ್ಟು. ಅಕ್ಕನಿಗೆ ಅದು ತಾನು ಏಳನೇತ್ತೆಯಲ್ಲಿ ಬಿಟ್ಟುಬಂದ ಶಾಲೆ. ಅದನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ, ನನಗೆ ಗೊತ್ತು.

ಆ ಚುನಾವಣೆಯೋ, ಇವತ್ತು ಬಂತು ನಾಳೆ ಬಂತು ಎನ್ನುತ್ತಲೇ ವರ್ಷಗಳು ಕಳೆದಿದ್ದವು. ಅದಕ್ಕಾಗಿ ಕಾದು ಕಾದು ಪಕ್ಷದೊಳಗೆ ಆಕಾಂಕ್ಷಿಗಳ ಜಗಳ ಬಲಿತುಹೋಗಿತ್ತು. ಯಾರಿಗೆ ಕೊಟ್ಟರೂ ಇನ್ನೊಬ್ಬರು ಮುನಿಯುತ್ತಾರೆ. ಮುಖಂಡರಲ್ಲಿ ಒಬ್ಬರು ಹೊಸ ಉಪಾಯ ತೆಗೆದರು. ಆಕಾಂಕ್ಷಿಗಳನ್ನೆಲ್ಲ ರಾಯಚೂರಿನ ಲೋಕಲ್ ಚಾನೆಲ್ಲಿಗೆ ಕರೆಸಿ ಎದುರುಬದುರು ಮಾತಾಡಿಸುವುದು, ಕಾರ್ಯಕರ್ತರು ಮನೆಯಲ್ಲೇ ಕುಳಿತು ನೋಡಿ ಯಾರು ಬೇಕೆಂದು ಹೇಳುವುದು. "ಅಮೆರಿಕಾದಾಗ ಹಿಂಗ ಮಾಡ್ತಾರಂತರಿ" ಎಂದು ಸಭೆಯಲ್ಲಿ ಹೇಳಿದರಂತೆ. ಎಲ್ಲರೂ ಚಪ್ಪಾಳೆ ಹೊಡೆದರಂತೆ. ಆಕಾಂಕ್ಷಿಗಳು ಇಬ್ಬರೇ ಎಂದು ನಾವು ತಿಳಿದಿದ್ದೆವು, ಅಕ್ಕ ಮತ್ತು ಅಕ್ಕಿ ಮಿಲ್ಲಿನ ಸಾಹುಕಾರರು.

ಹಿಂದಿನ ವಾರ ಅಕ್ಕ ನಮ್ಮ ಮನೆಗೆ ಬಂದು ಉಳಿದಳು. ಅವಳ ಮಗಳೇ ನಿರೂಪಕಿ. ಸೌಟನ್ನು ಮೈಕಿನ ಹಾಗೆ ಹಿಡಿದು, "ನಮಸ್ಕಾರ ವೀಕ್ಷಕರೇ" ಎಂದು ಗಂಟಲು ಬದಲಿಸಿಕೊಂಡು ತನ್ನ ಅವ್ವನನ್ನೇ ಪ್ರಶ್ನೆಯಿಂದ ಗೋಳಾಡಿಸಿದಳು. ಕಾಲುವೆಯ ಕೊನೆ ಭಾಗಕ್ಕೆ ನೀರು ಯಾಕೆ ಬರುವುದಿಲ್ಲ, ದೇವದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಯಾಕೆ ನಿಲ್ಲುವುದಿಲ್ಲ, ನಿಮಗಿರುವ ಓದು ಸಾಕೇ? ಕೊನೆಯ ಪ್ರಶ್ನೆಗೆ ಅಕ್ಕ ಸೌಟನ್ನು ಮಗಳ ಕೈಯಿಂದ ತೆಗೆದುಕೊಂಡಳು. ಆಮೇಲೆ, "ಸಾಕಾಗಂಗಿಲ್ಲ. ಅದಕ್ಕ ಸಾಲಿ ಕೇಳಾಕತ್ತೀನಿ" ಎಂದಳು.  ಎಲ್ಲ ಪ್ರಶ್ನೆಗಳಿಗೂ ನಾವು ತಯಾರಾಗಿದ್ದೆವು. ಕುರ್ಚಿಯ ಪ್ರಶ್ನೆ ಒಂದು ಬರಬಹುದೆಂದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಸಂಜೆ ಏಳಕ್ಕೆ ಕಾರ್ಯಕ್ರಮ. ಅಕ್ಕನನ್ನು ಭಾವ ರಾಯಚೂರಿಗೆ ಕರೆದುಕೊಂಡು ಹೋಗಿದ್ದ. ನಾನು, ಅವ್ವ, ಅಕ್ಕನ ಮಗಳು, ಎದುರು ಮನೆಯ ಸಾಹುಕಾರ್ತಿ ಟಿವಿಯ ಮುಂದೆ ಕುಳಿತೆವು. ಸಾಹುಕಾರ್ತಿಯ ಗಂಡನದು ಭತ್ತದ ವ್ಯಾಪಾರ. ಮಿಲ್ಲಿನವರ ಕಡೆಯವರು ಇವರು, ಇಲ್ಲಿಗೆ ಯಾಕೆ ಬಂದರಪ್ಪಾ ಎಂದು ನನಗೆ ಒಳಗೊಳಗೇ ಕಿರಿಕಿರಿ. "ನಿಮ್ಮಕ್ಕ ಟಿವಿಯಾಗ ಬರ್ತಾಳ ಅಂದ್ರ ನೋಡಬಾರ್ದೇನ್ರಿ ಟೀಚರ್?" ಎಂದು ಅವರು ತಾವೇ ನೆಲದ ಮೇಲೆ ಅವ್ವನ ಪಕ್ಕ ಕುಳಿತರು.

ನಿರೂಪಕ ಬಂದ. ರಾಯಚೂರಿನ ಸೆಕೆಯಲ್ಲಿ ಕೋಟು. ಮಾತೆಲ್ಲ ಬೆಂಗಳೂರಿನ ಪುಸ್ತಕದ ಕನ್ನಡ, ಒಂದೊಂದು ಅಕ್ಷರವೂ ತೊಳೆದಿಟ್ಟದ್ದು. ಅವನ ಎದುರು ಅರ್ಧ ಚಂದ್ರದಂಥ ಮೇಜು, ಅದರ ಹಿಂದೆ ಮೂರು ಕುರ್ಚಿ. ಮೂರು ಯಾಕೆ ಎಂದು ನಾವು ಕೇಳಿಕೊಳ್ಳುವಷ್ಟರಲ್ಲಿ ಕ್ಯಾಮೆರಾ ತಿರುಗಿತು. ಒಂದು ತುದಿಗೆ ಮಿಲ್ಲಿನ ಸಾಹುಕಾರರು. ನಡುವೆ ಬಿಳಿ ರುಮಾಲು, ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಕೋಲು.

"ಅಯ್ಯ, ಮಾವಾರು!" ಎಂದಳು ಅವ್ವ. ಹೇಳುತ್ತಲೇ ಅವಳ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಟಿವಿಯಲ್ಲಿದ್ದ ಮನುಷ್ಯನಿಗೆ ಇವಳು ತಲೆ ಮುಚ್ಚಿದಳು.

ಅವರು ಭಾವನ ದೊಡ್ಡಪ್ಪ. ಭಾವನ ತಂದೆ ಬೇಗ ತೀರಿಕೊಂಡದ್ದರಿಂದ ಅಕ್ಕನಿಗೆ ಮಾವ ಎಂದರೆ ಇವರೇ, ಅವಳಿಂದಾಗಿ ನಮಗೆಲ್ಲರಿಗೂ ಇವರು ಮಾವಾರು. ಹಳೆಯ ಕಾಲದಲ್ಲಿ ಪಂಚಾಯತಿ ಮೆಂಬರ್ ಆಗಿದ್ದವರು. ಅಕ್ಕ ಅಧ್ಯಕ್ಷೆಯಾದಾಗ, ಗಂಡಸರು ಇಲ್ಲದಂಗ ಹೆಣ್ಮಗಳೊಬ್ಬಾಕಿ ಆಫೀಸಿಗೆ ಹೋಗೋದು ಚಂದಲ್ಲ ಎಂದವರ ಬಾಯಿ ಮುಚ್ಚಿಸಿದವರೂ ಇವರೇ. ಅವರಿಗೂ ಟಿಕೆಟ್ ಬೇಕಾಗಿದೆ ಎಂದು ಮನೆಯಲ್ಲಿ ಒಂದು ಮಾತು ಬಂದಿರಲಿಲ್ಲ.

ನಮ್ಮ ಕಡೆ ಸೊಸೆ ಮಾವನ ಮುಂದೆ ಕುರ್ಚಿಯ ಮೇಲೆ, ಮಂಚದ ಮೇಲೆ ಕೂಡುವುದಿಲ್ಲ. ಮಾವ ಪಡಸಾಲೆಯಲ್ಲಿದ್ದರೆ ತಲೆಯ ಮೇಲೆ ಸೆರಗು, ಬಾಗಿಲ ಚೌಕಟ್ಟಿನ ಹತ್ತಿರ ನಿಲ್ಲುವುದು, ಕೇಳಿದ್ದಕ್ಕೆ ಎರಡು ಮಾತು. ಓದು ಕಲಿತ ಮಂದಿ ಈ ಪದ್ಧತಿಯನ್ನು ಸುಮ್ಮನೆ ಬೈಯುತ್ತಾರೆ, ನಾನೂ ಬೈಯುತ್ತೇನೆ. ಆದರೆ ಆ ಪದ್ಧತಿಗೆ ಇನ್ನೊಂದು ಮಗ್ಗುಲಿದೆ. ಮಾವನೂ ಸೊಸೆಯಿದ್ದ ಕಡೆ ಹೇಳದೆ ಕೇಳದೆ ನುಗ್ಗುವುದಿಲ್ಲ. ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಾನೆ. ಕುಳಿತವರು ಏಳಲಿ, ಸೆರಗು ಸರಿಮಾಡಿಕೊಳ್ಳಲಿ ಎಂದು ಹೊತ್ತು ಕೊಡುತ್ತಾನೆ. ಅಕ್ಕ ಅಧ್ಯಕ್ಷೆಯಾಗಿದ್ದಷ್ಟು ಕಾಲ ಮಾವ ಪಂಚಾಯತಿ ಆಫೀಸಿನ ಮೆಟ್ಟಿಲು ಹತ್ತಲೇ ಇಲ್ಲ. ತಾವು ಹೋದರೆ ಅವಳು ಏಳಬೇಕಾಗುತ್ತದೆ ಎಂದು. ಆ ದೊಡ್ಡತನವನ್ನು ಅಕ್ಕ ಎಷ್ಟು ಸಲ ನನಗೆ ಹೇಳಿದ್ದಳು. ರಾಯಚೂರಿನ ಸ್ಟುಡಿಯೋಕ್ಕೆ ಬರುವಾಗ ಮಾತ್ರ ಮಾವ ಕೆಮ್ಮಲಿಲ್ಲ. ಅಕ್ಕನಿಗೆ ಗೊತ್ತಾದದ್ದು ಒಳಗೆ ಕಾಲಿಟ್ಟು, ತನ್ನ ಹೆಸರಿದ್ದ ಕುರ್ಚಿಯ ಪಕ್ಕದಲ್ಲಿ ಅವರನ್ನು ಕಂಡಾಗಲೇ.

ನಿರೂಪಕ, "ದಯವಿಟ್ಟು ಆಸೀನರಾಗಿ ಮೇಡಂ" ಎಂದ. ಅಕ್ಕ ಕೂಡಲಿಲ್ಲ. ಕುರ್ಚಿಯ ಹಿಂದೆ ಒಂದು ಹೆಜ್ಜೆ ಸರಿದು ನಿಂತಳು. ಕುಳಿತವರ ಅಳತೆಗೆ ಇಟ್ಟ ಕ್ಯಾಮೆರಾದಲ್ಲಿ ಅವಳ ತಲೆ ಪರದೆಯ ಹೊರಗೆ ಉಳಿಯಿತು. ಆಗಲೇ ನಮ್ಮ ಹುಡುಗಿ ಹೋಗಿ ಟಿವಿಯ ಡಬ್ಬಿ ಬಡಿದದ್ದು.

"ಇಲ್ರಿ, ನಾ ನಿಂತು ಮಾತಾಡ್ತೀನಿ" ಎಂಬ ಮಾತು ಕೇಳಿತು. ಸಣ್ಣಗೆ, ಬಾವಿಯೊಳಗಿಂದ ಬಂದಂತೆ. ಮೈಕು ಮೇಜಿನ ಮೇಲೆ, ಕುಳಿತವರ ಬಾಯಿಯ ಮುಂದೆ ಇತ್ತು.

"ಕುಂದ್ರವ್ವಾ! ಕುಂದ್ರು!" ಎಂದು ಅಕ್ಕನ ಮಗಳು ಟಿವಿಗೆ ಕೂಗಿದಳು. ಅವ್ವ ಅವಳ ತೋಳು ಹಿಡಿದು ಎಳೆದಳು. "ಸುಮ್ಮ ಕುಂದ್ರಲೇ. ಹಿರ್ಯಾರ ಸರೀಕ ಹೆಂಗ ಕುಂದ್ರತಾಳ? ನಾಳಿ ಊರಾಗ ಮಕ ಹೆಂಗ ತೋರಿಸ್ಬೇಕು?"

"ಈಗ ಮಕ ಎಲ್ಲಿ ಕಾಣಾಕತ್ತದ ಅಜ್ಜಿ?" ಎಂದಳು ಹುಡುಗಿ.  ನಾನು ಯಾರ ಪಕ್ಷ ವಹಿಸಲಿ? ಹುಡುಗಿಯ ಮಾತೇ ಸರಿ ಎಂದು ತಲೆ ಹೇಳುತ್ತಿತ್ತು. ಆದರೆ ಆ ಜಾಗದಲ್ಲಿ ನಾನಿದ್ದರೆ ನನ್ನ ಕಾಲೂ ಮಡಚುತ್ತಿರಲಿಲ್ಲ ಎಂದು ನನ್ನ ಕಾಲಿಗೆ ಗೊತ್ತಿತ್ತು.

ಅಕ್ಕ ಆವತ್ತು ಏನು ಯೋಚಿಸಿದಳು ಎಂದು ಆಮೇಲೆ ನನಗೆ ಹೇಳಿದಳು. ಮಾವನ ಎದುರು ಬಾಯಿ ಬಿಡುವುದೇ ಒಂದು ತಪ್ಪು, ಅದನ್ನು ಮಾಡಿಯೇ ಸಿದ್ಧ, ಶಾಲೆಗಾಗಿ ಮಾತಾಡಿಯೇ ಸಿದ್ಧ. ಕೂಡುವುದೊಂದನ್ನು ಬಿಟ್ಟರೆ ಅವರ ಮರ್ಯಾದೆಯೂ ಉಳಿಯಿತು, ತನ್ನ ಕೆಲಸವೂ ಆಯಿತು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ಕ್ಯಾಮೆರಾಕ್ಕೆ ಒಂದು ಎತ್ತರ ಇರುತ್ತದೆ, ಮೈಕಿಗೆ ಒಂದು ಅಳತೆ ಇರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ತಾನು ನಿಂತದ್ದು ಗೌರವ ಎಂದು ನೋಡುವವರಿಗೆಲ್ಲ ತಾನಾಗಿಯೇ ತಿಳಿಯುತ್ತದೆ ಎಂದು ನಂಬಿದ್ದಳು. ಹುಟ್ಟಿದಾಗಿನಿಂದ ನಮ್ಮವರ ನಡುವೆಯೇ ನಿಂತವಳು ಹಾಗಲ್ಲದೆ ಇನ್ನೇನು ನಂಬುತ್ತಾಳೆ?

ಕ್ಯಾಮೆರಾದವನು ಸುಮ್ಮನಿರಲಿಲ್ಲ. ಒಮ್ಮೆ ಮೇಲೆತ್ತಿದ. ಅಕ್ಕನ ಮುಖ ಬಂತು, ಬೆವರಿತ್ತು. ಆದರೆ ಸಾಹುಕಾರರು ಪೂರಾ ಮಾಯವಾಗಿ, ಮಾವನ ರುಮಾಲಿನ ತುದಿ ಮಾತ್ರ ಕೆಳಗೆ ಉಳಿಯಿತು. ಯಾರೋ ಒಳಗಿನಿಂದ ಹೇಳಿರಬೇಕು, ಮತ್ತೆ ಇಳಿಸಿಬಿಟ್ಟ. ಇಬ್ಬರು ಕುಳಿತಿದ್ದಾರೆ, ಒಬ್ಬರು ನಿಂತಿದ್ದಾರೆ. ಲೆಕ್ಕ ಇಬ್ಬರ ಕಡೆಗೇ ಹೋಯಿತು.

ನಿರೂಪಕನನ್ನು ದೂರಲು ನನಗೆ ದಾರಿ ಸಿಗದಿರುವುದೇ ಇನ್ನೂ ಸಂಕಟ. ಅವನು ಅನ್ಯಾಯ ಮಾಡಲಿಲ್ಲ. ಎಲ್ಲರಿಗೂ ಅದೇ ಪ್ರಶ್ನೆ, ಅಷ್ಟೇ ಹೊತ್ತು, ಹೊತ್ತು ಮೀರಿದರೆ ಅದೇ ಗಂಟೆ. ಸಾಹುಕಾರರು ಹೊತ್ತು ಮೀರಿದಾಗಲೂ ಗಂಟೆ ಬಾರಿಸಿದ. ಎಲ್ಲರಿಗೂ ಒಂದೇ ಎತ್ತರದ ಕುರ್ಚಿ, ಒಂದೇ ಥರದ ಮೈಕು. ಹೈಸ್ಕೂಲಿನ ಪ್ರಶ್ನೆ ಬಂದಾಗ ಅಕ್ಕ ಮಾತಾಡಿದಳು. ಯಾವ ಯಾವ ಹಳ್ಳಿಯ ಹುಡುಗಿಯರು ಶಾಲೆ ಬಿಟ್ಟರು, ಬಸ್ಸು ಎಲ್ಲಿಂದ ಹೊರಳಿಸಿದರೆ ಅವರನ್ನು ಮುಟ್ಟುತ್ತದೆ, ಕಟ್ಟಡಕ್ಕೆ ಸರ್ಕಾರದ ಗಾಯರಾಣ ಜಮೀನು ಎಲ್ಲಿದೆ ಎಲ್ಲ ಹೇಳುತ್ತಿದ್ದಾಳೆ ಎಂದು ನನಗೆ ಗೊತ್ತು, ಯಾಕೆಂದರೆ ಬಾಯಿಪಾಠ ಮಾಡಿಸಿದವಳೇ ನಾನು. ಟಿವಿಯಲ್ಲಿ ಮಾತ್ರ ಗುಜುಗುಜು ಎಂಬ ಸದ್ದು, ಬಲಗೈಯ ಬಳೆ ಅಲುಗುವುದು. ಟಿವಿಯ ಸದ್ದನ್ನು ಕೊನೆಯ ತನಕ ಏರಿಸಿದೆ. ಸ್ಟುಡಿಯೋದ ಫ್ಯಾನಿನ ಸಪ್ಪಳ ಜೋರಾಯಿತು ಅಷ್ಟೇ.

ಅಕ್ಕನ ಮಗಳ ಫೋನಿನಲ್ಲಿ ಅದೇ ಕಾರ್ಯಕ್ರಮ ನಡೆಯುತ್ತಿತ್ತು, ಅದರ ಕೆಳಗೆ ಜನರ ಮಾತು ಓಡುತ್ತಿತ್ತು. ಸೌಂಡ್ ಇಲ್ಲ. ಮಾತಾಡೋರು ಯಾರು? ಮೇಡಂಗ ದೊಡ್ಡ ಟಿವಿ ತರ್ರಿ. ಕುರ್ಚಿ ಮ್ಯಾಲ ಕುಂದ್ರಾಕ ಬರದಿದ್ದಾಕಿ ಜಿಲ್ಲಾ ಪಂಚಾಯ್ತಿ ನಡಸ್ತಾಳಂತ. ಆ್ಯಂಕರ್ ಸೂಪರ್. ಹುಡುಗಿ ಒಂದೊಂದನ್ನೇ ಓದಿ ಹೇಳುತ್ತಿದ್ದಳು. ಕೊನೆಗೆ, "ಬ್ಯಾಡ, ಬಂದ್ ಮಾಡು" ಎಂದೆ. ಬಂದ್ ಮಾಡಲಿಲ್ಲ, ಓದುವುದನ್ನು ಮಾತ್ರ ನಿಲ್ಲಿಸಿದಳು. ಕಣ್ಣೀರು ಫೋನಿನ ಮೇಲೆ ಬೀಳುತ್ತಿತ್ತು.

ಆಗ ನಿರೂಪಕ ಮಾವನ ಕಡೆ ತಿರುಗಿ ನಕ್ಕ. "ಯಜಮಾನರೇ, ಇವರು ನಿಮ್ಮ ಸೊಸೆಯಂತೆ. ನೀವೇ ಒಂದು ಮಾತು ಹೇಳಿದರೆ ಕೂರುತ್ತಾರೇನೋ?"

ನಾವೆಲ್ಲ ಟಿವಿಯ ಹತ್ತಿರಕ್ಕೆ ಸರಿದೆವು. ಯಾಕೆಂದರೆ ಪದ್ಧತಿಯಲ್ಲಿ ಅದಕ್ಕೊಂದು ಕಿಂಡಿಯಿದೆ. ಮಾವ ತಾನಾಗಿ ಕುಂದ್ರವ್ವ ಎಂದರೆ ಸೊಸೆ ಕೂಡಬಹುದು, ಯಾರೂ ಏನೂ ಅನ್ನುವುದಿಲ್ಲ. ಒಂದೇ ಮಾತು. ಅವ್ವ ಎರಡೂ ಕೈ ಜೋಡಿಸಿ ಟಿವಿಯನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ಕುಂದ್ರಬ್ಯಾಡ ಎನ್ನುತ್ತಿದ್ದವಳು ಈಗ, "ಅನ್ರಿ ಮಾವಾರ, ಅನ್ರಿ" ಎಂದು ಪಿಸುಗುಟ್ಟಿದಳು.

ಮಾವ ಹೆಗಲ ಟವೆಲು ಸರಿಮಾಡಿಕೊಂಡರು. ಕ್ಯಾಮೆರಾದ ಕಡೆ ನೋಡಿ, "ಅದು ಆಕಿ ಇಷ್ಟರಿ" ಎಂದರು.

ಅಷ್ಟೇ. ನಿರೂಪಕ ಮುಂದಿನ ಪ್ರಶ್ನೆಗೆ ಹೋದ. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವಂತಿಲ್ಲ. ಮುದುಕನ ಬಾಯಿಗೆ ಮಣ್ಣು ಬೀಳಲಿ ಎಂದೇ ಅಂದೆ. ಅವ್ವ ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಇಡೀ ಕಾರ್ಯಕ್ರಮ ಅಕ್ಕ ನಿಂತೇ ಇದ್ದಳು. ಮುಗಿಯುವಾಗ ಎಲ್ಲರೂ ಕೈಮುಗಿದರು, ಅವಳ ಎರಡು ಕೈಗಳೂ ಕಂಡವು.

 ಸಾಹುಕಾರ್ತಿ ಎದ್ದು ಹೊರಟವರು ಬಾಗಿಲಲ್ಲಿ ನಿಂತು, "ನಮ್ಮ ಮಾವಾರು ಸತ್ತ ದಿನ, ಎಲ್ಲಾರು ಮಣ್ಣಿಗಿ ಹೋದ ಮ್ಯಾಲ, ನಾ ಪಡಸಾಲಿ ಕುರ್ಚಿ ಮ್ಯಾಲ ಕುಂತಿದ್ದೆರಿ ಟೀಚರ್. ಹೆಂಗ ಇರ್ತದ ನೋಡಬೇಕಂತ" ಎಂದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ತಮ್ಮ ಮನೆಗೆ ಹೋದರು. ಸಂಜೆ ಅವರ ಮೇಲೆ ಕಿರಿಕಿರಿ ಪಟ್ಟಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮರುದಿನದಿಂದ ಎರಡು ಥರದ ಮಾತು. ಫೋನಿನ ಮಂದಿಯದು ಒಂದು. ತಲೆಯಿಲ್ಲದ ನೀಲಿ ಸೀರೆಯ ಚಿತ್ರ, ತಲೆಯ ಜಾಗದಲ್ಲಿ ಪ್ರಶ್ನೆಯ ಗುರುತು, ಗುಂಪಿನಿಂದ ಗುಂಪಿಗೆ ಹೋಗಿ ಕೊನೆಗೆ ನಮ್ಮ ಶಾಲೆಯ ಶಿಕ್ಷಕರ ಗುಂಪಿಗೂ ಬಂತು. ಹಾಕಿದವರಿಗೆ ಅದು ನನ್ನ ಅಕ್ಕನೆಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅಳಿಸಿದರು, ಬಂದು ಕ್ಷಮೆ ಕೇಳಿದರು. ಕೇಳಿಯಾದ ಮೇಲೆ, "ಆದ್ರೂ ಆ್ಯಂಕರ್ ಬಾಳ ಚಲೋ ನಡಸಿದ ನೋಡ್ರಿ, ಯಾರ ಕಡೀನೂ ವಾಲಲಿಲ್ಲ" ಎಂದರು. ನಾನು ಹೌದೆಂದೆ. ಸುಳ್ಳಲ್ಲವಲ್ಲ.

ಇನ್ನೊಂದು ಜಾಲಹಳ್ಳಿ ಕಡೆಯ ಮಾತು. ಅದನ್ನು ಕೇಳಿದರೆ ನೀವು ಸಂತೋಷಪಡಬೇಕು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಸಂತೆಯಲ್ಲಿ, ಎಲ್ಲಿ ಹೋದರೂ ಅಕ್ಕನ ಹೊಗಳಿಕೆ. ಸೊಸಿ ಅಂದ್ರ ಹಿಂಗಿರಬೇಕು. ಅಧಿಕಾರ ಕಂಡಾಕಿ, ಆದ್ರೂ ಹಿರ್ಯಾರ ಮುಂದ ಹೆಂಗ ನಿಂತ್ಲು ನೋಡ್ರಿ. ಹಡದಾರ ಹೊಟ್ಟಿ ತಣ್ಣಗಿರ್ಲಿ. ಗುರುತಿಲ್ಲದ ಅಜ್ಜಿಯರು ಅವಳ ಕೆನ್ನೆ ನೀವಿ ನೆಟಿಗೆ ತೆಗೆದರಂತೆ. ಅವ್ವನಿಗೆ ಫೋನಿನ ಮೇಲೆ ಫೋನು. ಅವಳು ಹಿಗ್ಗಿದಳು, ಹಿಗ್ಗಿದ್ದು ತಪ್ಪೆಂದು ನನ್ನ ಮುಖ ನೋಡಿ ಸುಮ್ಮನಾದಳು.

"ಎಲ್ಲಾರೂ ಹೊಗಳಾಕತ್ತಾರ" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. "ಸಾಲಿ ಬಗ್ಗೆ ಏನಂದಿ ಅಂತ ಒಬ್ಬರೂ ಕೇಳಲಿಲ್ಲ." ಬೈದವರಿಗೂ ಅವಳ ಮಾತು ಕೇಳಿಸಿರಲಿಲ್ಲ, ಹೊಗಳಿದವರಿಗೂ ಕೇಳಿಸಿರಲಿಲ್ಲ.

ಒಂದು ತರಬೇತಿಗೆಂದು ರಾಯಚೂರಿಗೆ ಹೋದಾಗ ನಾನು ಆ ಸ್ಟುಡಿಯೋ ಹುಡುಕಿಕೊಂಡು ಹೋದೆ. ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ. ಟಿವಿಯಲ್ಲಿ ಅಷ್ಟು ಅಗಲ ಕಂಡ ಮೇಜು ನಮ್ಮ ಸ್ಟಾಫ್ ರೂಮಿನ ಮೇಜಿಗಿಂತ ಸಣ್ಣದು. ನಿರೂಪಕ ಕೋಟಿಲ್ಲದೆ ಬರೀ ಬನಿಯನ್ನಿನಲ್ಲಿ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದ. ಅವಸರವಸರವಾಗಿ ಅಂಗಿ ಹಾಕಿಕೊಂಡ. ನಾನು ಯಾರೆಂದು ಹೇಳಿದೆ. ಬೈಯಲೆಂದೇ ಹೋದವಳು, ಬೈದೆ. ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ, ಮೈಕನ್ನು ಎತ್ತಿ ಅವಳ ಕೈಗೆ ಕೊಡಲು ನಿಮಗೇನಾಗಿತ್ತು ಎಂದು ಕೇಳಿದೆ.

"ಮೂರೂ ಮಂದಿಗಿ ಒಂದ ರೂಲ್ ಇತ್ತರಿ ಅಕ್ಕಾರ" ಎಂದ. ಪುಸ್ತಕದ ಕನ್ನಡ ಎಲ್ಲಿ ಹೋಯಿತೋ. "ಒಬ್ಬರ ಕೈಯಾಗ ಮೈಕ್ ಕೊಟ್ರ ಪಕ್ಷಪಾತ ಮಾಡಿದ ಅಂತಿದ್ರು. ಮೊದಲ ನಮ್ಮದು ಸಣ್ಣ ಚಾನೆಲ್."

"ಆಕಿ ಯಾಕ ನಿಂತಾಳ ಅಂತ ಗೊತ್ತಾಗ್ಲಿಲ್ಲೇನು ನಿಮಗ?"

ಅವನು ಡಬ್ಬಿಯ ಮುಚ್ಚಳ ಹಾಕಿದ. "ಗೊತ್ತಾಗದ ಏನರಿ. ನಮ್ಮವ್ವನೂ ತನ್ನ ಮಾವನ ಮುಂದ, ನಮ್ಮ ಮುತ್ಯಾನ ಮುಂದ, ಕುಂತಿದ್ದು ನಾ ನೋಡಿಲ್ಲ. ಆದ್ರ ಟಿವಿಯಾಗ ಅದನ್ನ ಹೆಂಗ ಹೇಳಬೇಕ್ರಿ? ನಗಾಕ ಬಂದ್ರ ನಕ್ಕು ಮುಂದ ಹೋಗ್ಬೇಕು ಅಂತ ಕಲಿಸ್ಯಾರ."  ಅವನು ಊಟಕ್ಕೆ ಕರೆದ, ನಾನು ಒಲ್ಲೆನೆಂದು ಮೆಟ್ಟಿಲಿಳಿದೆ. ಅವನನ್ನು ಕ್ಷಮಿಸಿದೆನೆಂದು ಹೇಳಲಾರೆ. ಆದರೆ ಅವನ ಮೇಲಿನ ಸಿಟ್ಟು ಆಮೇಲೆ ಮೊದಲಿನಷ್ಟು ಕುದಿಯಲಿಲ್ಲ.

ಟಿಕೆಟ್ ಮಿಲ್ಲಿನ ಸಾಹುಕಾರರಿಗೆ ಎಂದು ತೀರ್ಮಾನವಾಯಿತು. ಅಕ್ಕನ ಮನೆಗೆ ಮುಖಂಡರೇ ಬಂದು ಹೇಳಿ ಹೋದರು. "ನಿಮ್ಮ ಬಗ್ಗೆ ಎಲ್ಲಾರಿಗೂ ಬಾಳ ಗೌರವ ಅದರಿ. ಮುಂದಿನ ಸಲ ನೋಡೂಣು" ಎಂದರಂತೆ. ಮಾವನನ್ನು ಆ ಸಂಜೆ ಕಾರಿನಲ್ಲಿ ರಾಯಚೂರಿಗೆ ಕರೆದುಕೊಂಡು ಹೋದದ್ದು ಸಾಹುಕಾರರ ಕಡೆಯವರು ಎಂಬುದು ಆಗ ಹೊರಬಿತ್ತು. ನಿಮ್ಮಂಥ ಹಿರಿಯರು ಇರಬೇಕಾದರೆ ಬೇರೆಯವರಿಗೆ ಯಾಕೆ ಎಂದು ಉಬ್ಬಿಸಿದ್ದರು. ಮಾವನನ್ನು ಪಕ್ಕದಲ್ಲಿ ಕೂರಿಸಿದರೆ ಸೊಸೆಯ ಬಾಯಿ ತಾನೇ ಮುಚ್ಚುತ್ತದೆ ಎಂದು ಅವರಿಗೆ ಗೊತ್ತಿತ್ತು. ಅವರೂ ನಮ್ಮ ಕಡೆಯವರೇ ತಾನೇ.

ಮುಂದಿನ ಭಾನುವಾರ ನಾನು ಅಕ್ಕನ ಊರಿಗೆ ಹೋದೆ. ಮಧ್ಯಾಹ್ನ ಹೊರಗೆ ಕೆಮ್ಮಿದ ಸದ್ದಾಯಿತು. ಅಕ್ಕ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಸೆರಗು ಎಳೆದುಕೊಂಡು ಬಾಗಿಲ ಹತ್ತಿರ ನಿಂತಳು. ಮಾವ ಬಂದು ಮಂಚದ ಮೇಲೆ ಕುಳಿತರು. ಟಿವಿಯಲ್ಲಿ ಕಂಡದ್ದಕ್ಕಿಂತ ಮುದುಕರಾಗಿದ್ದರು. ನೀರು ಕೊಟ್ಟದ್ದಾಯಿತು, ಮಳೆಯ ಮಾತಾಯಿತು. ನಾನು ಆ ಮನೆಯ ಸೊಸೆಯಲ್ಲ, ಬೀಗರ ಮನೆಯವಳು. ನನಗೆ ಬಾಯಿಯಿತ್ತು.

"ಮಾವಾರ, ಆವತ್ತು ಕುಂದ್ರು ಅಂತ ಒಂದು ಮಾತು ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದೆ.

ಅಕ್ಕ ಬೆಚ್ಚಿ ನನ್ನ ಕಡೆ ನೋಡಿದಳು. ಮಾವ ಸಿಟ್ಟಾಗಲಿಲ್ಲ. ಚಂಬನ್ನು ಕೆಳಗಿಟ್ಟರು.

"ನಾ ಮೆಂಬರ್ ಆಗಿ ಮೊದಲ ಮೀಟಿಂಗಿಗಿ ಹೋದಾಗ ಎಲ್ಲಾರು ಕುರ್ಚಿ ಮ್ಯಾಲ ಕುಂತಿದ್ರು. ಕೇರಿಯಾಂವ ಅಂತ ನನಗ ಗ್ವಾಡಿ ಬಾಜೂಕ ಗೋಣಿಚೀಲ ಹಾಸಿದ್ರು. ಚೀಲದ ಮ್ಯಾಲ ನಾ ಕುಂದ್ರಲಿಲ್ಲ. ಯಾರರ ಕುರ್ಚಿ ಮ್ಯಾಲ ಬಾ ಅಂತಾರೇನೋ ಅಂತ ಮೀಟಿಂಗ್ ಮುಗಿಯೂತನ ನಿಂತೆ. ಯಾರೂ ಅನ್ನಲಿಲ್ಲ. ಎರಡನೇ ಸಲ ಹೋದಾಗ ಸೀದಾ ಹೋಗಿ ಖಾಲಿ ಕುರ್ಚಿ ಮ್ಯಾಲ ಕುಂತುಬಿಟ್ಟೆ. ಎಲ್ಲಾರು ನನ್ನ ಕಡೆ ಹೊಳ್ಳಿ ನೋಡಿದ್ರು. ಆದ್ರ ಏಳಲಿಲ್ಲ." ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. "ಅವರು ಹೇಳಿ ಕುಂತಿದ್ರ ಅದು ಅವರು ಕೊಟ್ಟ ಕುರ್ಚಿ ಆಗ್ತಿತ್ತವ್ವ. ಈಕಿನೂ ತಾನಾ ಕುಂದ್ರತಾಳ ಅಂತ ನಾ ಕಾದೆ. ಖರೇ ಹೇಳ್ತೀನಿ, ಕಡೀತನ ಕಾದೆ."

 ಅದು ನಿಜವೋ, ಆಮೇಲೆ ಹುಡುಕಿಕೊಂಡ ಸಮಾಧಾನವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣಲ್ಲಿ ನೀರಂತೂ ಇತ್ತು.

ಬಾಗಿಲ ಹತ್ತಿರದಿಂದ ಅಕ್ಕ ಮಾತಾಡಿದಳು. ಮಾವ ಕೇಳದೆ ಅವಳು ಅವರೊಂದಿಗೆ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿಮ್ಮನ್ನ ನಿಂದ್ರಿಸಿದವರ ಮ್ಯಾಲ ನಿಮಗ ಸಿಟ್ಟಿತ್ತು ಮಾವಾರ. ಆ ಸಿಟ್ಟಿಲೇ ಕುಂತ್ರಿ. ನಿಮ್ಮ ಮ್ಯಾಲ ನನಗ ಸಿಟ್ಟಿರಲಿಲ್ಲರಿ."

ಮಾವ ತಲೆ ತಗ್ಗಿಸಿದರು.  ಆಮೇಲೆ ಅವರು ಕೋಲನ್ನು ಗೋಡೆಗೆ ಆನಿಸಿ, ಮಂಚದ ಒಂದು ಕಡೆಗೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು.

"ಕುಂದ್ರು ಬಾ ಯವ್ವಾ" ಎಂದರು.

ಅಕ್ಕ ಆ ಜಾಗವನ್ನು ನೋಡಿದಳು. "ಇರ್ಲಿ ಬಿಡ್ರಿ ಮಾವಾರ.. ಈಗ ಯಾರು ನೋಡಾಕತ್ತಾರ?" ಎಂದು ಹೇಳಿ, ಹಂಚಿನ ಮೇಲೆ ರೊಟ್ಟಿ ಸೀಯುತ್ತದೆಂದು ಒಳಗೆ ಹೋದಳು.